ಕರಾರಿನಲ್ಲಿ ಒಂದು ಸೊನ್ನೆ

ಹೊಲಕ್ಕೆ ಬದು ಇರುತ್ತದೆ. ಬದು ಇದ್ದರೆ ಯಾರ ಹೊಲ ಎಲ್ಲಿಯವರೆಗೆ ಎಂಬ ಜಗಳ ಇಲ್ಲ. ಬಾಡಿಗೆ ಮನೆಗೂ ಒಂದು ಬದು ಇದೆ. ಅದೇ ಬಾಡಿಗೆ ಕರಾರು ಪತ್ರ. ಮಾತಿನಲ್ಲಿ ನಾವು ಅದನ್ನು ಅಗ್ರಿಮೆಂಟು ಅನ್ನುತ್ತೇವೆ.

ಬಾಡಿಗೆ ಎಷ್ಟು? ಅಡ್ವಾನ್ಸು ಎಷ್ಟು? ಎಷ್ಟು ತಿಂಗಳಿಗೆ ಮನೆ ಕೊಟ್ಟಿದ್ದಾರೆ? ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು? ಎಲ್ಲವೂ ಆ ಪತ್ರದಲ್ಲಿ ಇರುತ್ತದೆ.

ಆದರೆ ಬದುವನ್ನೇ ತಪ್ಪು ಜಾಗದಲ್ಲಿ ಹಾಕಿದರೆ? ಪತ್ರದಲ್ಲೇ ತಪ್ಪು ಬರೆದಿದ್ದರೆ? ನಾವು ಅದಕ್ಕೆ ಸಹಿಯನ್ನೂ ಮಾಡಿಬಿಟ್ಟಿದ್ದರೆ? "ಇನ್ನೇನು, ನಮ್ಮ ಹಣೆಬರಹ" ಎಂದು ಸುಮ್ಮನೆ ಇರಬೇಕೆ?

ಬೇಡ. ಬರೆದ ತಪ್ಪನ್ನು ತಿದ್ದಲು ಕಾನೂನಿನಲ್ಲಿ ದಾರಿ ಇದೆ. ಆ ದಾರಿ ಯಾವುದು ಎಂದು ಈ ಪಾಠದಲ್ಲಿ ಕಲಿಯೋಣ. ಕಲಿಯಲು ಒಂದು ಕತೆ ಕಟ್ಟಿಕೊಳ್ಳೋಣ.

ದೊಡ್ಡಕ್ಕನ ಮನೆ

ಮೈಸೂರಿನಲ್ಲಿ ಒಂದು ವಠಾರ. ಸಾಲಾಗಿ ಎಂಟು ಮನೆ. ಎಲ್ಲಕ್ಕೂ ಒಬ್ಬರೇ ಓನರು. ನಾಲ್ಕನೆಯ ಮನೆಯಲ್ಲಿ ಊದುಬತ್ತಿ ಹೊಸೆಯುವ ಒಬ್ಬಾಕೆ ಇದ್ದಾಳೆ. ವಠಾರದವರೆಲ್ಲ ಅವಳನ್ನು ದೊಡ್ಡಕ್ಕ ಅನ್ನುತ್ತಾರೆ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು.

ಮನೆಗೆ ಬರುವಾಗ ಮಾತು ಹೀಗೆ ಆಗಿತ್ತು. ತಿಂಗಳ ಬಾಡಿಗೆ 5,000 ರೂಪಾಯಿ. ಅಡ್ವಾನ್ಸು 50,000 ರೂಪಾಯಿ. ದೊಡ್ಡಕ್ಕ ಸಂಘದಲ್ಲಿ 30,000 ಸಾಲ ತೆಗೆದಳು. ಅದನ್ನು ಬ್ಯಾಂಕಿನಿಂದಲೇ ಓನರ ಖಾತೆಗೆ ಹಾಕಿದಳು. ಉಳಿದ 20,000 ಕೈಯಲ್ಲಿ ಕೊಟ್ಟಳು. ಆಗ ಪಕ್ಕದ ಮನೆಯ ಅಜ್ಜಿ ಅಲ್ಲೇ ಇದ್ದರು.

ಓನರು ಟೈಪಿಂಗ್ ಅಂಗಡಿಯಲ್ಲಿ ಪತ್ರ ಮಾಡಿಸಿ ತಂದರು. 11 ತಿಂಗಳ ಕರಾರು. "ಇಲ್ಲಿ ಒಂದು ಸಹಿ ಹಾಕಮ್ಮ" ಅಂದರು. ದೊಡ್ಡಕ್ಕ ಆಗ ಸಹಿ ಮಾತ್ರ ಕಲಿತಿದ್ದಳು. ಓದಲು ಇನ್ನೂ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತಲ್ಲ ಎಂಬ ಖುಷಿಯಲ್ಲಿ ಸಹಿ ಹಾಕಿದಳು.

ಆರು ತಿಂಗಳು ಕಳೆಯಿತು. ದೊಡ್ಡಕ್ಕ ಸಂಜೆಯ ಕಲಿಕಾ ಕೇಂದ್ರ ಬಿಡಲಿಲ್ಲ. ಒತ್ತಕ್ಷರ ಬಂತು. ಸಾವಿರದ ಲೆಕ್ಕ ಬಂತು. ಒಂದು ದಿನ ಟೀಚರಮ್ಮ, "ನಾಳೆ ಎಲ್ಲರೂ ಮನೆಯಿಂದ ಒಂದೊಂದು ಕಾಗದ ತನ್ನಿ. ಅದನ್ನೇ ಓದೋಣ" ಅಂದರು. ಒಬ್ಬರು ಕರೆಂಟ್ ಬಿಲ್ಲು ತಂದರು. ಒಬ್ಬರು ರೇಷನ್ ಕಾರ್ಡು ತಂದರು. ದೊಡ್ಡಕ್ಕ ಅಗ್ರಿಮೆಂಟು ತಂದಳು.

ಅವಳು ಬೆರಳಿಟ್ಟು ಓದಿದಳು. "ಮುಂ-ಗ-ಡ. ರೂ. 5,000. ಐದು ಸಾ-ವಿ-ರ." ಮತ್ತೆ ಓದಿದಳು. ಮುಖ ಬೆಳ್ಳಗಾಯಿತು.

"ಟೀಚರಮ್ಮ, ನಾನು ಕೊಟ್ಟಿದ್ದು ಐವತ್ತು ಸಾವಿರ. ಇಲ್ಲಿ ಐದು ಅಂತ ಅದೆ. ಒಂದು ಸೊನ್ನೆನೇ ಇಲ್ಲ!"

ಮುಂದೆ ಓದಿದಾಗ ಇನ್ನೊಂದು ತಪ್ಪು ಸಿಕ್ಕಿತು. ಅವಳ ಮನೆ ನಂಬರು 4. ಪತ್ರದಲ್ಲಿ 7 ಎಂದು ಇತ್ತು.

ಒಂದು ಸೊನ್ನೆ ಹೋದರೆ 45,000 ರೂಪಾಯಿ ಹೋದ ಹಾಗೆ. ಊದುಬತ್ತಿ ಹೊಸೆದು ಅಷ್ಟು ದುಡ್ಡು ಕೂಡಿಸಲು ಎಷ್ಟು ಕಾಲ ಬೇಕು? ಯೋಚಿಸಿ.

ಓನರು ಏನಂದರು?

ದೊಡ್ಡಕ್ಕ ಅಂದೇ ಓನರ ಮನೆಗೆ ಹೋದಳು.

"ಸಾರ್, ಅಡ್ವಾನ್ಸು ಐವತ್ತು ಸಾವಿರ ಕೊಟ್ಟಿದ್ದೀನಿ. ಪತ್ರದಲ್ಲಿ ಐದು ಸಾವಿರ ಅಂತ ಅದೆ. ಸರಿ ಮಾಡಿಸಿ ಕೊಡಿ ಸಾರ್."

"ನೋಡಮ್ಮ, ಸಹಿ ನಿಂದೇ ತಾನೆ? ಪತ್ರದಲ್ಲಿ ಏನಿದೆಯೋ ಅದೇ ಲೆಕ್ಕ. ಸುಮ್ನೆ ತಕರಾರು ತೆಗೀಬೇಡ. ಇಷ್ಟ ಇಲ್ಲಾಂದ್ರೆ ಈ ತಿಂಗಳೇ ಖಾಲಿ ಮಾಡು."

ದೊಡ್ಡಕ್ಕನಿಗೆ ಭಯವಾಯಿತು. ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ದಿನ ಕೇಂದ್ರಕ್ಕೆ ಬಂದು ಎಲ್ಲ ಹೇಳಿದಳು. ಟೀಚರಮ್ಮ ಹೇಳಿದರು: "ಓನರು ಎರಡು ಮಾತು ಹೇಳಿದ್ದಾರೆ. ಎರಡನ್ನೂ ಒಂದೊಂದಾಗಿ ನೋಡೋಣ."

ಮೊದಲ ಮಾತು: "ಪತ್ರದಲ್ಲಿ ಇರುವುದೇ ಲೆಕ್ಕ"

ಈ ಮಾತು ಅರ್ಧ ನಿಜ. ಬರೆದ ಪತ್ರಕ್ಕೆ ತೂಕ ಹೆಚ್ಚು. ಬರೀ ಬಾಯಿಮಾತಿನಿಂದ ಅದನ್ನು ಅಳಿಸಲು ಆಗುವುದಿಲ್ಲ. ಅದಕ್ಕೇ ಓದದೆ ಸಹಿ ಹಾಕಬಾರದು.

ಉಳಿದರ್ಧ ನಿಜ ಬೇರೆ ಇದೆ. ಬರೆಯುವಾಗ ತಪ್ಪಾಗಿದೆ, ಅಥವಾ ಮೋಸ ಆಗಿದೆ ಎಂದು ತೋರಿಸಲು ಕಾನೂನು ಅವಕಾಶ ಕೊಡುತ್ತದೆ. ನಿರ್ದಿಷ್ಟ ಪರಿಹಾರ ಕಾಯ್ದೆ ಎಂಬ ಒಂದು ಕಾಯ್ದೆ ಇದೆ. ಅದು 1963ರ ಕಾಯ್ದೆ. ಅದರ 26ನೇ ಕಲಮು ಹೀಗೆ ಹೇಳುತ್ತದೆ: ಇಬ್ಬರೂ ಒಪ್ಪಿದ್ದು ಒಂದು, ಇಬ್ಬರ ತಪ್ಪಿನಿಂದಲೋ ಒಬ್ಬರ ಮೋಸದಿಂದಲೋ ಪತ್ರದಲ್ಲಿ ಬಂದದ್ದು ಇನ್ನೊಂದು ಆಗಿದ್ದರೆ, ಪತ್ರವನ್ನು ತಿದ್ದಿಸಿಕೊಡಿ ಎಂದು ನ್ಯಾಯಾಲಯವನ್ನು ಕೇಳಬಹುದು.

ಆದರೆ ಕೇಳಿದರೆ ಸಾಲದು. ಪುರಾವೆ ಬೇಕು. ದೊಡ್ಡಕ್ಕನ ಬಳಿ ಏನೇನು ಪುರಾವೆ ಇದೆ? ಟೀಚರಮ್ಮ ಹಲಗೆಯ ಮೇಲೆ ಬರೆದರು:

1. ಬ್ಯಾಂಕ್ ಪಾಸ್ ಪುಸ್ತಕ. ಓನರ ಖಾತೆಗೆ 30,000 ಹೋದದ್ದು ಅದರಲ್ಲಿ ಇದೆ.
2. ಸಂಘದ ನಡಾವಳಿ ಪುಸ್ತಕ. "ಮನೆಯ ಮುಂಗಡಕ್ಕೆ ಸಾಲ" ಎಂದು ಬರೆದಿದೆ.
3. ಪಕ್ಕದ ಮನೆಯ ಅಜ್ಜಿ. 20,000 ಕೈಯಲ್ಲಿ ಕೊಟ್ಟದ್ದನ್ನು ಕಣ್ಣಾರೆ ಕಂಡವರು.
4. ಅದೇ ವಠಾರದ ಬೇರೆ ಮನೆಗಳವರು. ಅವರೆಲ್ಲ ಎಷ್ಟು ಅಡ್ವಾನ್ಸು ಕೊಟ್ಟಿದ್ದಾರೆ ಎಂದು ಕೇಳಬಹುದು.

"ಐದು ಸಾವಿರ ಮಾತ್ರ ಅಡ್ವಾನ್ಸು ಅಂದ್ರೆ, ಅವರ ಖಾತೆಗೆ ಮೂವತ್ತು ಸಾವಿರ ಯಾಕೆ ಹೋಯ್ತು? ಈ ಪ್ರಶ್ನೆಗೆ ಅವರು ಉತ್ತರ ಕೊಡಬೇಕಾಗುತ್ತೆ" ಅಂದರು ಟೀಚರಮ್ಮ. ದೊಡ್ಡಕ್ಕನಿಗೆ ಸ್ವಲ್ಪ ಧೈರ್ಯ ಬಂತು.

ಎರಡನೆಯ ಮಾತು: "ಈ ತಿಂಗಳೇ ಖಾಲಿ ಮಾಡು"

ಓನರಿಗೆ ಸಿಟ್ಟು ಬಂತು ಎಂದು ಮನೆ ಖಾಲಿ ಮಾಡಬೇಕಾಗಿಲ್ಲ. ಪತ್ರದಲ್ಲಿ ನೋಟಿಸಿನ ಗಡುವು ಬರೆದಿರುತ್ತದೆ. ಒಂದು ತಿಂಗಳು ಎಂದಿದ್ದರೆ ಒಂದು ತಿಂಗಳು. ಎರಡು ಎಂದಿದ್ದರೆ ಎರಡು. ಏನೂ ಬರೆದಿಲ್ಲ, ತಿಂಗಳ ಬಾಡಿಗೆಗೆ ಇದ್ದೇವೆ ಎಂದುಕೊಳ್ಳಿ. ಆಗ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ 15 ದಿನದ ನೋಟಿಸು ಕೊಡಲೇಬೇಕು. ನೋಟಿಸು ಬರಹದಲ್ಲಿ ಇರಬೇಕು. ಸಹಿ ಇರಬೇಕು. ಕೆಲವು ಊರುಗಳಲ್ಲಿ, ಕಡಿಮೆ ಬಾಡಿಗೆಯ ಮನೆಗಳಿಗೆ ಕರ್ನಾಟಕ ಬಾಡಿಗೆ ಕಾಯ್ದೆ, 1999 ಇನ್ನೂ ಹೆಚ್ಚಿನ ರಕ್ಷಣೆ ಕೊಡುತ್ತದೆ.

ನೋಟಿಸು ಮುಗಿಯಿತು, ನಾವು ಬಿಡಲಿಲ್ಲ ಅಂದುಕೊಳ್ಳಿ. ಆಗಲೂ ಓನರು ಬೀಗ ಒಡೆಯುವಂತಿಲ್ಲ. ಸಾಮಾನು ಹೊರಗೆ ಎಸೆಯುವಂತಿಲ್ಲ. ಅವರು ನ್ಯಾಯಾಲಯಕ್ಕೆ ಹೋಗಬೇಕು. ಆದೇಶ ತರಬೇಕು.

ಬಲವಂತದಿಂದ ಹೊರಗೆ ಹಾಕಿದರೆ ಏನು ಮಾಡಬೇಕು? 1963ರ ಅದೇ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮು ನಮ್ಮ ಕಡೆ ಇದೆ. ಮನೆಯನ್ನು ಮತ್ತೆ ನಮ್ಮ ವಶಕ್ಕೆ ಕೊಡಿಸಿ ಎಂದು ದಾವೆ ಹಾಕಬಹುದು. ಆದರೆ 6 ತಿಂಗಳ ಒಳಗೆ ಹಾಕಬೇಕು. ಈ ಗಡುವು ಮರೆಯಬೇಡಿ.

ಒಂದು ಎಚ್ಚರಿಕೆ. ಜಗಳ ನಡೆಯುತ್ತಿದೆ ಎಂದು ಬಾಡಿಗೆ ನಿಲ್ಲಿಸಬೇಡಿ. ನಿಲ್ಲಿಸಿದರೆ ತಪ್ಪು ನಮ್ಮದಾಗುತ್ತದೆ. ಪ್ರತಿ ತಿಂಗಳೂ ಬಾಡಿಗೆ ಕೊಡಿ. ರಸೀದಿ ಕೇಳಿ. ರಸೀದಿ ಕೊಡದಿದ್ದರೆ ಅವರ ಬ್ಯಾಂಕ್ ಖಾತೆಗೇ ಹಾಕಿ.

ದೊಡ್ಡಕ್ಕ ಏನು ಮಾಡಿದಳು?

ಕೋರ್ಟಿಗೆ ಹೋಗುವುದು ಕೊನೆಯ ಮೆಟ್ಟಿಲು. ಅದಕ್ಕೆ ಮುಂಚೆ ಬೇರೆ ಮೆಟ್ಟಿಲು ಇವೆ. ದೊಡ್ಡಕ್ಕ ಮೊದಲು ಒಂದು ಕಾಗದ ಬರೆದಳು. ತಾನೇ ಬರೆದಳು. ಎರಡು ಸಂಜೆ ಬೇಕಾಯಿತು. ಕಾಗದ ಹೀಗಿತ್ತು:

"ಮನೆಯ ಮಾಲೀಕರಿಗೆ ನಮಸ್ಕಾರ.
ನಾನು ನಿಮ್ಮ ವಠಾರದ 4ನೇ ನಂಬರಿನ ಮನೆಯಲ್ಲಿ ಬಾಡಿಗೆಗೆ ಇದ್ದೇನೆ. ನಮ್ಮ ಕರಾರು ಪತ್ರದಲ್ಲಿ ಎರಡು ತಪ್ಪು ಇವೆ.
ಒಂದು: ನಾನು ಕೊಟ್ಟ ಮುಂಗಡ ರೂ. 50,000 (ಐವತ್ತು ಸಾವಿರ). ಪತ್ರದಲ್ಲಿ ರೂ. 5,000 ಎಂದು ಇದೆ.
ಎರಡು: ನನ್ನ ಮನೆಯ ನಂಬರು 4. ಪತ್ರದಲ್ಲಿ 7 ಎಂದು ಇದೆ.
ರೂ. 30,000 ನಿಮ್ಮ ಖಾತೆಗೆ ಹಾಕಿದ ಬ್ಯಾಂಕ್ ಪಾಸ್ ಪುಸ್ತಕದ ಜೆರಾಕ್ಸ್ ಇದರ ಜೊತೆ ಇದೆ. ಉಳಿದ ರೂ. 20,000 ಸಾಕ್ಷಿಯ ಮುಂದೆ ಕೊಟ್ಟಿದ್ದೇನೆ.
ದಯವಿಟ್ಟು 15 ದಿನದ ಒಳಗೆ ಪತ್ರ ತಿದ್ದಿಸಿ ಕೊಡಿ.
ಇಂತಿ ನಿಮ್ಮ ಬಾಡಿಗೆದಾರಳು,
ಸಹಿ, ತಾರೀಕು."

ನೋಡಿ, ಕಾಗದದಲ್ಲಿ ಬೈಗುಳ ಇಲ್ಲ. ಅಳು ಇಲ್ಲ. ಏನು ತಪ್ಪು, ಏನು ಸರಿ, ಪುರಾವೆ ಏನು, ಯಾವಾಗ ತಿದ್ದಬೇಕು, ಇಷ್ಟೇ ಇದೆ.

ಕಾಗದದ ಒಂದು ಪ್ರತಿಯನ್ನು ದೊಡ್ಡಕ್ಕ ತನ್ನ ಬಳಿ ಇಟ್ಟುಕೊಂಡಳು. ಇನ್ನೊಂದನ್ನು ಅಂಚೆ ಕಚೇರಿಯಿಂದ ಕಳಿಸಿದಳು. ಕಳಿಸಿದ ರಸೀದಿಯನ್ನು ಪಾಸ್ ಪುಸ್ತಕದ ಒಳಗೆ ಇಟ್ಟಳು.

ಕಾಗದ ನೋಡಿ ಓನರ ಮಗಳು ಅಪ್ಪನ ಪಾಸ್ ಪುಸ್ತಕ ತೆಗೆದು ನೋಡಿದಳು. 30,000 ಜಮಾ ಆಗಿತ್ತು. ಹಳೆಯ ಕಾಗದಗಳನ್ನು ಹುಡುಕಿದಾಗ ಕಾರಣವೂ ತಿಳಿಯಿತು. ಟೈಪಿಂಗ್ ಅಂಗಡಿಯವರು 7ನೇ ಮನೆಯ ಹಳೆಯ ಪತ್ರವನ್ನು ಮಾದರಿ ಇಟ್ಟುಕೊಂಡಿದ್ದರು. ಹೆಸರು ಮಾತ್ರ ಬದಲಾಯಿಸಿದ್ದರು. ಎಷ್ಟೋ ವರ್ಷದ ಹಿಂದಿನ ಅಡ್ವಾನ್ಸು, ಮನೆ ನಂಬರು ಹಾಗೇ ಉಳಿದಿದ್ದವು. ಓನರೂ ಓದದೆ ಸಹಿ ಹಾಕಿದ್ದರು!

ಓನರು ವಠಾರಕ್ಕೆ ಬಂದರು. "ಆಯ್ತಮ್ಮ, ತಿದ್ದಿಸಿ ಕೊಡ್ತೀನಿ. ಅವತ್ತು ಸಿಟ್ಟಲ್ಲಿ ಏನೋ ಅಂದೆ" ಅಂದರು.

ಒಂದು ತಿದ್ದುಪಡಿ ಪತ್ರ ತಯಾರಾಯಿತು. ಹಳೆಯ ಪತ್ರದ ತಾರೀಕು, ಅದರ ತಪ್ಪು, ಸರಿಯಾದ ಮಾತು, ಮೂರೂ ಅದರಲ್ಲಿ ಇದ್ದವು. ದೊಡ್ಡಕ್ಕ ಅದನ್ನು ಜೋರಾಗಿ ಓದಿದಳು. ಆಮೇಲೆ ಇಬ್ಬರೂ ಸಹಿ ಹಾಕಿದರು. ಇಬ್ಬರು ಸಾಕ್ಷಿಗಳು ಸಹಿ ಹಾಕಿದರು. ಅವರಲ್ಲಿ ಪಕ್ಕದ ಮನೆಯ ಅಜ್ಜಿ ಒಬ್ಬರು. ಒಂದು ಪ್ರತಿ ಓನರಿಗೆ. ಒಂದು ಪ್ರತಿ ದೊಡ್ಡಕ್ಕನಿಗೆ.

ಹಳೆಯ ಪತ್ರದ ಮೇಲೆ ನಾವೇ ಪೆನ್ನಿನಿಂದ ತಿದ್ದಬಾರದು. ಒಬ್ಬರೇ ತಿದ್ದಿದರೆ ಅದು ಕಳ್ಳ ತಿದ್ದುಪಡಿ ಅನಿಸಿಕೊಳ್ಳುತ್ತದೆ. ಮೂಲ ಪತ್ರ ನೋಂದಣಿ ಆಗಿದ್ದರೆ, ತಿದ್ದುಪಡಿ ಪತ್ರವನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು.

ಓನರು ಒಪ್ಪದೇ ಇದ್ದರೆ?

ಎಲ್ಲ ಓನರೂ ಹೀಗೆ ಒಪ್ಪುವುದಿಲ್ಲ. ಆಗ ಎಲ್ಲಿಗೆ ಹೋಗಬೇಕು? ವಕೀಲರಿಗೆ ಕೊಡಲು ದುಡ್ಡು ಎಲ್ಲಿದೆ?

ಇದಕ್ಕೂ ಕಾನೂನು ಇದೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987. ಈ ಕಾಯ್ದೆಯ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಹೆಂಗಸರ ಆದಾಯ ಎಷ್ಟು ಎಂದು ನೋಡುವುದಿಲ್ಲ. ವಕೀಲರ ಶುಲ್ಕ ನಾವು ಕೊಡಬೇಕಾಗಿಲ್ಲ.

ತಾಲ್ಲೂಕಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಜಿಲ್ಲೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ನಿಮ್ಮ ಊರಿನ ನ್ಯಾಯಾಲಯಕ್ಕೆ ಹೋಗಿ ಕೇಳಿ, ತೋರಿಸುತ್ತಾರೆ. 15100 ನಂಬರಿಗೆ ಫೋನ್ ಮಾಡಿಯೂ ಕೇಳಬಹುದು. ಅವರು ಎರಡೂ ಕಡೆಯವರನ್ನು ಕೂರಿಸಿ ಮಾತನಾಡಿಸಬಹುದು. ಲೋಕ ಅದಾಲತ್‌ನಲ್ಲಿ ರಾಜಿ ಆದರೆ, ಆ ರಾಜಿಗೆ ನ್ಯಾಯಾಲಯದ ತೀರ್ಪಿನಷ್ಟೇ ಬೆಲೆ. ರಾಜಿ ಆಗದಿದ್ದರೆ ದಾವೆ ಹಾಕಲು ವಕೀಲರನ್ನು ಕೊಡುತ್ತಾರೆ.

ಎಲ್ಲ ತಪ್ಪೂ ಒಂದೇ ಅಲ್ಲ

ಓನರು ಐದು ಸಾವಿರ ಬಾಡಿಗೆಗೆ ಒಪ್ಪಿ ಸಹಿ ಹಾಕಿದರು. ಎರಡು ತಿಂಗಳ ಮೇಲೆ ಬಂದು, "ನನ್ನ ಲೆಕ್ಕ ತಪ್ಪಾಯ್ತು. ಪಕ್ಕದ ಬೀದಿಯಲ್ಲಿ ಆರು ಸಾವಿರ ನಡೀತಾ ಇದೆ" ಅಂದರು. ಇದು ಪತ್ರ ಬರೆದವರ ತಪ್ಪಲ್ಲ. ಓನರು ಒಬ್ಬರದೇ ಲೆಕ್ಕದ ತಪ್ಪು. ಇಂಥ ಕಾರಣಕ್ಕೆ ಕರಾರು ಮುರಿಯುವುದಿಲ್ಲ. 1872ರ ಕರಾರು ಕಾಯ್ದೆ ಇದನ್ನು ಹೇಳುತ್ತದೆ. ಪತ್ರದಲ್ಲಿ ನಡುವೆ ಏರಿಸುವ ಮಾತು ಇಲ್ಲದಿದ್ದರೆ, ಅವಧಿ ಮುಗಿಯುವ ತನಕ ಅದೇ ಬಾಡಿಗೆ.

ತಪ್ಪು ನಮಗೆ ಲಾಭ ಆಗುವ ಹಾಗೆ ಇದ್ದರೆ? 5,000 ಬಾಡಿಗೆಗೆ ಒಪ್ಪಿದ್ದೇವೆ. ಪತ್ರದಲ್ಲಿ 500 ಎಂದು ಬಂದಿದೆ. "ಪತ್ರದಲ್ಲಿ ಇರುವುದೇ ಲೆಕ್ಕ" ಎಂದು ನಾವು ಹಟ ಹಿಡಿಯಬಹುದೆ? ಇಲ್ಲ. ತಕ್ಕಡಿ ಇಬ್ಬರಿಗೂ ಒಂದೇ. ತಿದ್ದಿಸುವ ಹಕ್ಕು ಓನರಿಗೂ ಇದೆ. ನಮ್ಮ ಸೊನ್ನೆ ನಮಗೆ ಬೇಕು. ಅವರ ಸೊನ್ನೆ ಅವರಿಗೆ ಸಲ್ಲಬೇಕು.

ಭೋಗ್ಯದ ಮನೆಗೆ ಇನ್ನೂ ಎಚ್ಚರ

ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಭೋಗ್ಯಕ್ಕೆ ಮನೆ ಹಿಡಿಯುತ್ತಾರೆ. ಇದಕ್ಕೆ ಲೀಸು ಎಂದೂ ಹೇಳುತ್ತಾರೆ. ಒಂದೇ ಸಲ ದೊಡ್ಡ ಮೊತ್ತ ಕೊಡಬೇಕು. ತಿಂಗಳ ಬಾಡಿಗೆ ಇಲ್ಲ. ಬಿಡುವಾಗ ಮೊತ್ತ ವಾಪಸ್ಸು. ಇಲ್ಲಿ ಇಡೀ ಜೀವಮಾನದ ಉಳಿತಾಯ ಒಂದು ಕಾಗದದ ಮೇಲೆ ನಿಂತಿರುತ್ತದೆ.

ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು ಎಂದು ಕಾನೂನು ಹೇಳುತ್ತದೆ. ಅದಕ್ಕೇ ಬಹಳ ಜನ 11 ತಿಂಗಳಿಗೆ ಬರೆಸುತ್ತಾರೆ. ಭೋಗ್ಯ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಇರುತ್ತದೆ. ನೋಂದಣಿ ಇಲ್ಲದ ಪತ್ರ ಹಿಡಿದು "ಮೂರು ವರ್ಷ ಇರುವ ಹಕ್ಕು ನನಗಿದೆ" ಎಂದು ಸಾಧಿಸುವುದು ಕಷ್ಟ. ಆದ್ದರಿಂದ ಭೋಗ್ಯದ ಪತ್ರ ನೋಂದಣಿ ಮಾಡಿಸಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ.

ಸಹಿಗೆ ಮುಂಚೆ ನೋಡಬೇಕಾದ ಏಳು ಜಾಗ

1. ಓನರ ಹೆಸರು, ನಿಮ್ಮ ಹೆಸರು ಸರಿಯಾಗಿದೆಯೆ?
2. ಮನೆಯ ನಂಬರು, ಬೀದಿ, ಊರು ಸರಿಯಾಗಿದೆಯೆ?
3. ಬಾಡಿಗೆ ಎಷ್ಟು? ಸೊನ್ನೆ ಎಣಿಸಿ.
4. ಅಡ್ವಾನ್ಸು ಎಷ್ಟು? ಮತ್ತೆ ಸೊನ್ನೆ ಎಣಿಸಿ.
5. ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಮೊತ್ತ ಇದೆಯೆ?
6. ಎಂದಿನಿಂದ ಎಂದಿನವರೆಗೆ? ನೋಟಿಸು ಎಷ್ಟು ದಿನ?
7. ಖಾಲಿ ಜಾಗ ಬಿಟ್ಟಿದ್ದಾರೆಯೆ? ಬಿಟ್ಟಿದ್ದರೆ ಗೆರೆ ಎಳೆಸಿ. ಖಾಲಿ ಕಾಗದಕ್ಕೆ ಎಂದೂ ಸಹಿ ಹಾಕಬೇಡಿ.

ಐದನೆಯ ಮಾತಿಗೆ ಒಂದು ಕಾರಣ ಇದೆ. ಚೆಕ್ಕಿನಲ್ಲಿ ಅಂಕಿ ಒಂದು, ಅಕ್ಷರ ಇನ್ನೊಂದು ಇದ್ದರೆ, ಅಕ್ಷರದಲ್ಲಿ ಬರೆದ ಮೊತ್ತವೇ ನಿಲ್ಲುತ್ತದೆ. 1881ರ ಒಂದು ಕಾಯ್ದೆ ಹೀಗೆ ಹೇಳುತ್ತದೆ. ಅಂಕಿಗೆ ಒಂದು ಸೊನ್ನೆ ಸೇರಿಸುವುದು, ಅಳಿಸುವುದು ಸುಲಭ. "ಐವತ್ತು" ಎಂಬುದನ್ನು "ಐದು" ಮಾಡುವುದು ಅಷ್ಟು ಸುಲಭವಲ್ಲ. ಆದ್ದರಿಂದ ಯಾವ ಪತ್ರದಲ್ಲೇ ಆಗಲಿ, ಮೊತ್ತವನ್ನು ಅಕ್ಷರದಲ್ಲೂ ಬರೆಸಿ.

ಓದಲು ಸಮಯ ಬೇಕಾದರೆ ಕೇಳಿ. "ನಾಳೆ ಸಹಿ ಹಾಕ್ತೀನಿ, ಇವತ್ತು ಮನೆಗೆ ತಗೊಂಡು ಹೋಗಿ ಓದ್ತೀನಿ" ಎನ್ನಿ. ಇದರಲ್ಲಿ ನಾಚಿಕೆ ಇಲ್ಲ. ಪತ್ರ ಇಂಗ್ಲಿಷಿನಲ್ಲಿ ಇದ್ದರೆ ಕನ್ನಡದಲ್ಲಿ ಮಾಡಿಸಿ ಕೊಡಿ ಎಂದು ಕೇಳಿ. ಸಹಿ ಕಲಿತರೆ ಅರ್ಧ ಕಲಿತ ಹಾಗೆ. ಸಹಿಯ ಮೇಲೆ ಇರುವ ಸಾಲುಗಳನ್ನು ಓದಲು ಕಲಿತರೆ ಪೂರ್ತಿ ಕಲಿತ ಹಾಗೆ.

ಹೊಸ ಪದಗಳು

ಕರಾರು: ಇಬ್ಬರು ಒಪ್ಪಿಕೊಂಡ ಮಾತು.
ಮುಂಗಡ: ಮೊದಲೇ ಕೊಡುವ ಹಣ, ಅಡ್ವಾನ್ಸು.
ಭೋಗ್ಯ: ಹಣ ಕೊಟ್ಟು, ಬಾಡಿಗೆ ಇಲ್ಲದೆ ಮನೆಯಲ್ಲಿ ಇರುವ ಏರ್ಪಾಡು.
ನೋಂದಣಿ: ಸರ್ಕಾರದ ಪುಸ್ತಕದಲ್ಲಿ ದಾಖಲು ಮಾಡಿಸುವುದು.
ತಿದ್ದುಪಡಿ: ತಪ್ಪನ್ನು ಸರಿ ಮಾಡಿ ಬರೆಯುವುದು.
ಪುರಾವೆ: ಮಾತು ನಿಜ ಎಂದು ತೋರಿಸುವ ಆಧಾರ.
ದಾವೆ: ನ್ಯಾಯಾಲಯದಲ್ಲಿ ಹಾಕುವ ಕೇಸು.

ಉತ್ತರ ಹೇಳಿ

1. ದೊಡ್ಡಕ್ಕನ ಪತ್ರದಲ್ಲಿ ಯಾವ ಎರಡು ತಪ್ಪು ಇದ್ದವು?
2. ಅವಳ ಬಳಿ ಇದ್ದ ಪುರಾವೆಗಳು ಯಾವುವು?
3. ಜಗಳ ಇರುವಾಗ ಬಾಡಿಗೆ ಯಾಕೆ ನಿಲ್ಲಿಸಬಾರದು?
4. ಬಲವಂತದಿಂದ ಹೊರಗೆ ಹಾಕಿದರೆ ಎಷ್ಟು ತಿಂಗಳ ಒಳಗೆ ದಾವೆ ಹಾಕಬೇಕು?

ಬಿಟ್ಟ ಜಾಗ ತುಂಬಿ

1. ತಿಂಗಳ ಬಾಡಿಗೆಯ ಮನೆಗೆ ಕಾನೂನು ಹೇಳುವ ನೋಟಿಸು ______ ದಿನ.
2. ಉಚಿತ ಕಾನೂನು ನೆರವಿನ ಫೋನ್ ನಂಬರು ______.
3. ______ ಕಾಗದಕ್ಕೆ ಎಂದೂ ಸಹಿ ಹಾಕಬಾರದು.

ಅಕ್ಷರದಲ್ಲಿ ಬರೆಯಿರಿ

500 ______
5,000 ______
50,000 ______
5,00,000 ______

ಮಾಡಿ ನೋಡಿ

ಇವತ್ತು ರಾತ್ರಿ ನಿಮ್ಮ ಮನೆಯ ಪತ್ರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ. ಏಳು ಜಾಗವನ್ನೂ ಬೆರಳಿಟ್ಟು ಓದಿ. ತಪ್ಪು ಕಂಡರೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾಳೆ ಆ ಹಾಳೆಯನ್ನು ಕೇಂದ್ರಕ್ಕೆ ತನ್ನಿ. ಎಲ್ಲರೂ ಸೇರಿ ಓದೋಣ.